ದರೋಜಿಯ ಕರಡಿಗಳೆದುರು ಒಂದು ಬಾಡಿಗೆ ಲೆನ್ಸ್

ದೂರದ್ದನ್ನು ಹತ್ತಿರಕ್ಕೆ ತರುವ, ಆದರೆ ಜೂಮ್ ಇಲ್ಲದ, ನಿಕಾನ್ ಕಂಪನಿಯ 500 ಎಂಎಂ ಎಫ್/5.6 ಪಿಎಫ್ ಲೆನ್ಸ್ 2018ರಲ್ಲಿ ಹೊರಬಂದಾಗಿನಿಂದಲೂ ಹಕ್ಕಿ-ಪ್ರಾಣಿಗಳ ಚಿತ್ರ ತೆಗೆಯುವವರ ನಡುವೆ ಒಳ್ಳೆಯ ಹೆಸರು ಪಡೆದಿದೆ. ಆದರೆ ಲಕ್ಷಗಳಲ್ಲಿ ಬೆಲೆಯಿರುವ ವಸ್ತುವನ್ನು ಬೇರೆಯವರ ಹೊಗಳಿಕೆ ನಂಬಿ ಕೊಳ್ಳುವುದು ನನ್ನ ಜಾಯಮಾನವಲ್ಲ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಎದುರಿನ ಕ್ಯಾಲೆಂಡರನ್ನು ಕ್ಲಿಕ್ಕಿಸಿ ನೋಡಿದರೆ ತಿಳಿಯುವಂಥದ್ದೂ ಏನಿಲ್ಲ. ಹಾಗಾಗಿ ಬೆಂಗಳೂರಿನ ಬಾಡಿಗೆ ಅಂಗಡಿಯೊಂದರಲ್ಲಿ ಠೇವಣಿ ಕಟ್ಟಿ ಲೆನ್ಸ್ ಪಡೆದು, ಹೋಲಿಕೆಗಾಗಿ ನನ್ನ ಹಳೆಯ 200-500 ಎಂಎಂ ಜೂಮನ್ನೂ ಚೀಲಕ್ಕೆ ಹಾಕಿಕೊಂಡು, ಜನವರಿಯ ಕೊನೆಯಲ್ಲಿ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆ. ಲೆನ್ಸ್ ಕೈಗೆ ಬಂದಾಗ ಟಾರ್ಚ್ ಬೆಳಕು ಹಾಯಿಸಿ ಒಳಗೆ ಫಂಗಸ್ ಇದೆಯೇ ಎಂದು ನೋಡಿ, ಮೈಮೇಲಿನ ಗೀರುಗಳನ್ನೂ ಸೀರಿಯಲ್ ನಂಬರನ್ನೂ ಅಂಗಡಿಯವರ ಎದುರೇ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡಿದ್ದೆ. ಬಾಡಿಗೆಗೆ ತರುವವರು ಇಷ್ಟನ್ನಾದರೂ ಮಾಡದಿದ್ದರೆ ಹಿಂತಿರುಗಿಸುವಾಗ ಮಾತಿಗೆ ಮಾತು ಬೆಳೆಯುತ್ತದೆ.

ಹೊಸಪೇಟೆಯಲ್ಲಿ ಇಳಿದು ಮೊದಲು ಮಾಡಿದ ಕೆಲಸ ಕಿರಾಣಿ ಅಂಗಡಿ ಹುಡುಕಿದ್ದು. ಲೆನ್ಸಿಗೆ ಒರಗು ಕೊಡುವ ಬೀನ್ ಬ್ಯಾಗನ್ನು ಖಾಲಿಯಾಗಿ ತಂದಿದ್ದೆ. ಅದಕ್ಕೆ ಎರಡು ಕಿಲೋ ಕಡಲೆಕಾಳು ತುಂಬಿಸಿಕೊಂಡೆ. ಬಟ್ಟೆಯ ಬಾಯಿ ಕಟ್ಟುತ್ತಿದ್ದಾಗ ಅಂಗಡಿಯಾತ ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ವಿವರಿಸಬೇಕಾಗಿಲ್ಲ.

ಹಂಪಿಯಲ್ಲಿ ನನ್ನ ಪರೀಕ್ಷೆಗೆ ಒದಗಿದ್ದು ವಿರೂಪಾಕ್ಷ ದೇವಾಲಯದ ಶಾಸನ. ಕೃಷ್ಣದೇವರಾಯನು ತನ್ನ ಪಟ್ಟಾಭಿಷೇಕದ ಸಂದರ್ಭದಲ್ಲಿ ರಂಗಮಂಟಪವನ್ನು ಕಟ್ಟಿಸಿದ್ದನ್ನು ಹೇಳುವ, 1510ರ ಸುಮಾರಿನ ಈ ಕಲ್ಲು ಪ್ರಾಕಾರದೊಳಗೆ ಮಂಟಪದ ಬಳಿಯೇ ನಿಂತಿದೆ. ಚಪ್ಪಟೆಯಾದ ಮೈ, ತುದಿಯಿಂದ ತುದಿಯವರೆಗೆ ಒತ್ತೊತ್ತಾಗಿ ಕೊರೆದ ಅಕ್ಷರ, ಒಂದು ಮಗ್ಗುಲಿನಿಂದ ಬೀಳುವ ಬೆಳಗಿನ ಬಿಸಿಲು: ಲೆನ್ಸಿನ ಮಧ್ಯಭಾಗ ಹೇಗಿದೆ, ಮೂಲೆಗಳು ಹೇಗಿವೆ, ಒಂದು ಬದಿ ಇನ್ನೊಂದಕ್ಕಿಂತ ಮಸುಕಾಗಿದೆಯೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಗುರಿ ಬೇಡ. ಭಕ್ತರ ಸಾಲು ತೆಳುವಾದಾಗಲೆಲ್ಲ ಹಿಂದೆ ಸರಿದು ನಿಂತು, ಅಪರ್ಚರನ್ನು, ಅಂದರೆ ಬೆಳಕು ಒಳಬರುವ ಕಂಡಿಯನ್ನು, ಪೂರ್ತಿ ತೆರೆದ ಎಫ್/5.6ರಲ್ಲೇ ಇಟ್ಟು, ವ್ಯೂಫೈಂಡರಿನಲ್ಲಿ ಫೋಕಸ್ ಮಾಡಿದ ಚಿತ್ರಗಳನ್ನೂ ಹಿಂಬದಿಯ ಪರದೆ ನೋಡಿ ತೆಗೆಯುವ ಲೈವ್ ವ್ಯೂನಲ್ಲಿ ಫೋಕಸ್ ಮಾಡಿದ ಚಿತ್ರಗಳನ್ನೂ ತೆಗೆದೆ. ಡಿಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ, ಅಂದರೆ ಒಳಗೆ ಕನ್ನಡಿಯಿರುವ ಮಾದರಿಗಳಲ್ಲಿ, ಇವೆರಡೂ ಒಂದಕ್ಕೊಂದು ತಾಳೆಯಾಗದಿರುವುದು ಸಾಮಾನ್ಯ. ನನ್ನ ಡಿ500 ಕ್ಯಾಮೆರಾದಲ್ಲಿ ಹಳೆಯ ಜೂಮ್ ಸ್ವಲ್ಪ ಹಿಂದಕ್ಕೆ ಫೋಕಸ್ ಮಾಡುತ್ತದೆಂದು ಕ್ಯಾಮೆರಾದಲ್ಲಿ ಆ ವ್ಯತ್ಯಾಸವನ್ನು ತಿದ್ದಿ, ಫೈನ್ ಟ್ಯೂನ್ ಮಾಡಿಯೇ ಬಳಸುತ್ತಿದ್ದೇನೆ. ಬಾಡಿಗೆಯ ಲೆನ್ಸಿನಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಪರದೆಯ ಮೇಲೆ ಹಿಗ್ಗಿಸಿ ನೋಡಿದಾಗ ಉಳಿ ತಾಗಿದ ಅಂಚುಗಳೂ ಅಕ್ಷರದ ತಗ್ಗಿನಲ್ಲಿ ಕೂತಿದ್ದ ಧೂಳೂ ಬೇರೆ ಬೇರೆಯಾಗಿ ಕಂಡವು.

ಪಿಎಫ್ ಎಂದರೆ ಫೇಸ್ ಫ್ರೆನೆಲ್. ಬೆಳಕಿನ ವಿವರ್ತನೆಯನ್ನು ಬಳಸಿ ಬಣ್ಣದ ದೋಷವನ್ನು ಸರಿಪಡಿಸುವ ಈ ಗಾಜಿನಿಂದಾಗಿ ಲೆನ್ಸಿನ ತೂಕ 1460 ಗ್ರಾಂಗೆ ಇಳಿದಿದೆ. ನನ್ನ ಜೂಮ್, ಟ್ರೈಪಾಡಿಗೆ ಕೂರಿಸುವ ಕಾಲರ್ ಸೇರಿ, 2300 ಗ್ರಾಂ ತೂಗುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಚೌಕಟ್ಟಿನ ಒಳಗೋ ಅಂಚಿನಲ್ಲೋ ಪ್ರಖರ ಬೆಳಕಿದ್ದರೆ ಅದರ ಸುತ್ತ ಬಣ್ಣದ ಬಳೆಗಳು ಮೂಡಬಹುದು. ಇದನ್ನು ನೋಡಲೆಂದೇ ತುಂಗಭದ್ರೆಯ ದಡಕ್ಕೆ ಹೋಗಿ, ಸೂರ್ಯನಿಗೆ ಮುಖಮಾಡಿ, ಮಿನುಗುವ ನೀರಿನ ನಡುವಿನ ಬಂಡೆಯ ಮೇಲೆ ರೆಕ್ಕೆ ಒಣಗಿಸುತ್ತಿದ್ದ ನೀರುಕಾಗೆಯನ್ನು ತೆಗೆದೆ. ಹೊಳಪಿನ ಚುಕ್ಕಿಗಳ ಸುತ್ತ ಬಳೆಗಳು ಬಂದವು, ನಿಜ. ಎದುರು ಬೆಳಕಿನ ಚಿತ್ರಗಳೇ ತಮ್ಮ ಶೈಲಿ ಎನ್ನುವವರು ಈ ಲೆನ್ಸಿನ ಗೊಡವೆಗೆ ಹೋಗದಿರುವುದು ಲೇಸು. ನನಗೆ ಅದು ದೊಡ್ಡ ಕೊರತೆಯೆನಿಸಲಿಲ್ಲ.

ಮಧ್ಯಾಹ್ನ ಆಟೊ ಮಾಡಿಕೊಂಡು ಕಮಲಾಪುರ ದಾಟಿ ದರೋಜಿ ಕರಡಿಧಾಮಕ್ಕೆ ಹೋದೆ. 1994ರಲ್ಲಿ ಘೋಷಣೆಯಾದ ಈ ಧಾಮದಲ್ಲಿ ಕರಡಿಗಳನ್ನು ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಕರಡಿಕಲ್ಲು ಗುಡ್ಡದ ಎದುರಿನ ವೀಕ್ಷಣಾ ಗೋಪುರದಲ್ಲಿ ಸದ್ದಿಲ್ಲದೆ ಕಾದರೆ ಸಾಕು. ಸಿಬ್ಬಂದಿ ಬಂಡೆಯ ಕುಳಿಗಳಿಗೆ ಬೆಲ್ಲದ ಮಿಶ್ರಣ ಬಳಿದು ಬಂದಿದ್ದರು. “ವಾಸನಿ ಹತ್ತಿದ್ರ ತಾವಾಗೇ ಬರ್ತಾವ್ರಿ ಸರ” ಎಂದು ಕಾವಲುಗಾರರೊಬ್ಬರು ಮೆಲುದನಿಯಲ್ಲಿ ಹೇಳಿದರು.

ಹೇಳಿದಂತೆಯೇ ಬಂದವು, ಆದರೆ ಬಿಸಿಲು ಇನ್ನೂ ಜೋರಾಗಿದ್ದಾಗಲೇ. ತಾಯಿ ಕರಡಿಯೊಂದು ಮರಿಯನ್ನು ಬೆನ್ನಮೇಲೆ ಹೊತ್ತು ಬಂಡೆ ಇಳಿಯುತ್ತಿದ್ದ ದೃಶ್ಯದ ಚಿತ್ರಗಳೆಲ್ಲ ಮಸುಕು. ಲೆನ್ಸ್ ಬದಲಿಸಿ ಹಳೆಯ ಜೂಮಿನಲ್ಲಿ ತೆಗೆದೆ. ಅವೂ ಅಷ್ಟೇ ಮಸುಕು. ಕಾದ ಬಂಡೆಯಿಂದ ಏಳುವ ಬಿಸಿಗಾಳಿ ಬೆಳಕನ್ನು ಬಾಗಿಸಿ ವಿವರಗಳನ್ನೆಲ್ಲ ಕಲಸಿಹಾಕುತ್ತದೆ, ಅದಕ್ಕೆ ಯಾವ ಬೆಲೆಯ ಗಾಜಿನಲ್ಲೂ ಮದ್ದಿಲ್ಲ. ಹಳೆಯ ಜೂಮ್ ಜೊತೆಗಿರದಿದ್ದರೆ ಈ ತಪ್ಪು ಹೊಸ ಲೆನ್ಸಿನ ತಲೆಗೇ ಬರುತ್ತಿತ್ತು. ಬಿಸಿಲು ಇಳಿದು ಕಲ್ಲು ತಣಿಯತೊಡಗಿದ ಮೇಲೆ ಅದೇ ಜಾಗದಲ್ಲಿ, ಅಷ್ಟೇ ದೂರದಿಂದ, ಮೂತಿಗೆ ಮೆತ್ತಿದ ಬೆಲ್ಲವೂ ಎದೆಯ ಬಿಳಿ ಪಟ್ಟಿಯ ಒಂದೊಂದು ಕೂದಲೂ ಸ್ಪಷ್ಟವಾಗಿ ಬಂದವು.

ಬೆಳಕು ಇನ್ನೂ ಕುಗ್ಗಿದಾಗ ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಸೇರಿಸಿ ಚಿತ್ರವನ್ನು ಹಿಗ್ಗಿಸುವ 1.4 ಪಟ್ಟಿನ ಟೆಲಿಕನ್ವರ್ಟರ್ ಹಾಕಿ ನೋಡಿದೆ. ಆಗ ಇದು 700 ಎಂಎಂ ಎಫ್/8 ಲೆನ್ಸಾಗಿ ಒಳಬರುವ ಬೆಳಕು ಕುಗ್ಗುತ್ತದೆ, ಡಿ500ರ 153 ಫೋಕಸ್ ಬಿಂದುಗಳಲ್ಲಿ ಎಫ್/8ಕ್ಕೆ ಕೆಲಸ ಮಾಡುವುದು 15 ಮಾತ್ರ. ಕಪ್ಪು ತುಪ್ಪಳದ ಮೇಲೆ ಹಿಡಿತ ಸಿಗದೆ ಫೋಕಸ್ ಮುಂದಕ್ಕೂ ಹಿಂದಕ್ಕೂ ಓಡಾಡತೊಡಗಿದ್ದರಿಂದ ಅದನ್ನು ಕಳಚಿ ಚೀಲಕ್ಕೆ ಸೇರಿಸಿದೆ. ನಡುವೆ ಗೋಪುರದ ಬುಡಕ್ಕೇ ಬಂದ ನವಿಲು 500 ಎಂಎಂ ಚೌಕಟ್ಟಿನಲ್ಲಿ ಅರ್ಧವೂ ಹಿಡಿಸಲಿಲ್ಲ. ಅಲ್ಲಿ ಜೂಮ್ ಗೆದ್ದಿತು.

ನಿರ್ಧಾರ ಖಚಿತವಾದದ್ದು ಮರುದಿನ ಬೆಳಿಗ್ಗೆ, ಕಮಲಾಪುರದ ಹೊರಗಿನ ಬಂಡೆಗಳ ನಡುವೆ ಹಳದಿ ಕೊರಳಿನ ಪಿಕಳಾರವನ್ನು ಹುಡುಕುವಾಗ. ಮುಳ್ಳುಪೊದೆ ಬಳಸಿ ಬಂಡೆ ಹತ್ತಿ ಇಳಿಯುವ ಆ ನಡಿಗೆಯಲ್ಲಿ ಬೀನ್ ಬ್ಯಾಗೂ ಇಲ್ಲ, ಒರಗಲು ಗೋಡೆಯೂ ಇಲ್ಲ; ಪೊದೆಯ ತುದಿಗೆ ಹಕ್ಕಿ ಬಂದು ಕುಳಿತ ಕೆಲವೇ ಕ್ಷಣಗಳಲ್ಲಿ ಒಂದೇ ಕೈಯಲ್ಲಿ ಕ್ಯಾಮೆರಾ ಎತ್ತಿ ತೆಗೆಯುವುದು ಸಾಧ್ಯವಾಯಿತು. ಎರಡೂ ಲೆನ್ಸುಗಳ ಅಪರ್ಚರೂ ಒಂದೇ, ತಲುಪುವ ದೂರವೂ ಒಂದೇ ಎಂದಾದ ಮೇಲೆ ನಾನು ಹಣ ಕೊಡುತ್ತಿರುವುದು ಮುಖ್ಯವಾಗಿ ಕಡಿಮೆಯಾದ 840 ಗ್ರಾಂಗೆ. ವಾಹನದಲ್ಲೇ ಕುಳಿತು ಸಫಾರಿ ಮಾಡುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ನಡೆಯುವ ನನಗೆ ಹೊಂದಿತು.

ಬೆಂಗಳೂರಿಗೆ ಮರಳಿ ಲೆನ್ಸನ್ನು ಒಪ್ಪಿಸುವಾಗ, ಬೇರೆ ಯಾವುದೋ ಡಬ್ಬಿ ತೆರೆಸುವ ಬದಲು, ನನ್ನ ಕ್ಯಾಮೆರಾಕ್ಕೆ ಸರಿಯಾಗಿ ಹೊಂದಿಕೊಂಡ ಇದೇ ಪೀಸನ್ನು ಮಾರುತ್ತೀರಾ ಎಂದು ಕೇಳಿದೆ. ಬಾಡಿಗೆಗೆ ಓಡಿದ ಲೆನ್ಸಾದ್ದರಿಂದ ದರದಲ್ಲಿ ಸ್ವಲ್ಪ ಇಳಿಸಬಹುದೆಂದರು. ನನ್ನ ಜೂಮಿಗೆ ಎಷ್ಟು ಕೊಡುತ್ತೀರೆಂದು ಕೇಳಿ, ಅದನ್ನೂ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ.