ನಿಂತ ಕಾರಿನ ಖರ್ಚು

ದಾವಣಗೆರೆ, 12 ಜನವರಿ 2025, ಭಾನುವಾರ

ಬೆಳಿಗ್ಗೆ ಕೀಲಿ ತಿರುಗಿಸಿದರೆ ಮತ್ತೆ ಅದೇ ಕಟಕಟ ಸದ್ದು. ಎಂಜಿನ್ ಅಲುಗಲೇ ಇಲ್ಲ. ಮಂಗಳವಾರ ಸಂಕ್ರಾಂತಿ. ಎಲ್ಲರೂ ಹರಿಹರಕ್ಕೆ ಹೋಗಿ, ಹೊಳೆಯಲ್ಲಿ ಮಿಂದು, ಅಲ್ಲೇ ಕುಳಿತು ಬುತ್ತಿ ಉಣ್ಣುವುದೆಂದು ಮಾತಾಗಿದೆ. "14 ಕಿಲೋಮೀಟರ್ ಹೋಗುವುದಕ್ಕೆ ಓಣಿಯವರನ್ನೆಲ್ಲ ಕರೆದು ಕಾರು ತಳ್ಳಿಸಬೇಕೇ?" ಎಂದು ಹೆಂಡತಿ ಕೇಳಿದಳು. ಹೋದ ಭಾನುವಾರ ತಳ್ಳಿಸಿದ್ದೆ. ಓಣಿಯವರಿಗೂ ಸಾಕಾಗಿದೆ.

ಬ್ಯಾಟರಿ ಹಳೆಯದಾಗಿದ್ದರೆ ಬೈದುಕೊಂಡು ಸುಮ್ಮನಾಗಬಹುದಿತ್ತು. ಇದು ನವೆಂಬರ್ ಕೊನೆಯಲ್ಲಿ ಹಾಕಿಸಿದ್ದು. ಅಂಗಡಿಗೆ ಹೊತ್ತೊಯ್ದರೆ ರಾತ್ರಿಯಿಡೀ ಚಾರ್ಜಿಗಿಟ್ಟು, ಟೆಸ್ಟರ್ ಹಚ್ಚಿ ನೋಡಿ, "ಬ್ಯಾಟರಿ ಚೆನ್ನಾಗಿದೆ ಸಾರ್, ನೀವು ಗಾಡಿ ಓಡಿಸುತ್ತಿಲ್ಲ" ಎಂದು ನನ್ನ ಮೇಲೆಯೇ ಹೊರಿಸಿದರು. ಗ್ಯಾರೇಜಿನವನು ಎಂಜಿನ್ ಚಾಲೂ ಇಟ್ಟು ವೋಲ್ಟೇಜ್ ಅಳೆದ. 14.2 ಬಂತು. ಎಂಜಿನ್ ಓಡುವಾಗ ಬ್ಯಾಟರಿ ತುಂಬುವ ಆಲ್ಟರ್ನೇಟರ್ ಸರಿಯಾಗಿ ತುಂಬುತ್ತಿದೆ ಎಂದ. ಇಬ್ಬರೂ ಸುಳ್ಳು ಹೇಳಲಿಲ್ಲ. ಒಬ್ಬರು ತಿಜೋರಿ ನೋಡಿದರು, ಇನ್ನೊಬ್ಬ ಜಮೆ ನೋಡಿದ. ಖರ್ಚಿನ ಪುಟವನ್ನು ಯಾರೂ ತೆರೆಯಲಿಲ್ಲ. ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಮೆಕ್ಕೆಜೋಳದ ಲೆಕ್ಕ ಬರೆಯುತ್ತಿರುವ ನನಗೂ ಇದು ಹೊಳೆಯಲು ಒಂದೂವರೆ ತಿಂಗಳು ಬೇಕಾಯಿತು.

ಮೊದಲು ನನ್ನ ಅನುಮಾನ ಹೋದದ್ದು ಡಿಕ್ಕಿಯ ದೀಪದ ಮೇಲೆ. ಮುಚ್ಚಿದ ಮೇಲೆ ಅದು ಆರಿತೋ ಇಲ್ಲವೋ ಹೊರಗಿನಿಂದ ತಿಳಿಯುವುದು ಹೇಗೆ? ಮಗಳು ಉಪಾಯ ಹೇಳಿದಳು. ಮೊಬೈಲಿನಲ್ಲಿ ವಿಡಿಯೊ ಹಚ್ಚಿ ಒಳಗಿಟ್ಟು ಡಿಕ್ಕಿ ಮುಚ್ಚಿದೆವು. ಆಮೇಲೆ ನೋಡಿದರೆ ಎರಡು ನಿಮಿಷದ ಕಗ್ಗತ್ತಲೆ, ಹಿನ್ನೆಲೆಯಲ್ಲಿ ನಾನು ಬ್ಯಾಟರಿ ಅಂಗಡಿಯವರನ್ನು ಬೈಯುತ್ತಿರುವ ಸದ್ದು. ದೀಪದ ತಪ್ಪಿಲ್ಲ.

ಅಷ್ಟು ಹೊತ್ತಿಗೆ ಎದುರು ಮನೆಯ ಅಜ್ಜ ಬಂದು ನಿಂತಿದ್ದರು. ಹತ್ತಿ ಗಿರಣಿಯಲ್ಲಿ ವೈರ್‌ಮನ್ ಆಗಿದ್ದವರು. ಆ ಗಿರಣಿ ಮುಚ್ಚಿ ಎಷ್ಟೋ ಕಾಲವಾಯಿತು. ಅಜ್ಜನ ಸಾಮಾನುಗಳು ಮಾತ್ರ ಬಿಸ್ಕತ್ತಿನ ಡಬ್ಬಿಯಲ್ಲಿ ಇನ್ನೂ ಕೆಲಸಕ್ಕೆ ಸಿದ್ಧವಾಗಿವೆ. ತಮ್ಮ ಚಾರ್ಜರ್ ತಂದು ಹಚ್ಚಿದರು. ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಬ್ಯಾಟರಿ 12.5 ವೋಲ್ಟಿಗೆ ಬಂದಿತ್ತು.

"ಮೊದಲು ಕೀಲಿ ಇಲ್ಲಿ ಕೊಡಪ್ಪ" ಎಂದು ಇಸಿದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡರು. ಬ್ಯಾಟರಿಯ ನೆಗೆಟಿವ್ ವೈರನ್ನು ಬಿಚ್ಚಿ, ಬಿಚ್ಚಿದ ವೈರಿಗೂ ಬ್ಯಾಟರಿಯ ತಲೆಗೂ ನಡುವೆ ಮೀಟರನ್ನು ಕೂರಿಸಿದರು. ಮೀಟರಿನ ಕೆಂಪು ಕಡ್ಡಿ 10 ಆಂಪಿಯರ್ ಎಂದು ಬರೆದ ತೂತಿನಲ್ಲಿತ್ತು. ಕಾರು ಕುಡಿಯುವ ಕರೆಂಟೆಲ್ಲ ಈಗ ಮೀಟರನ್ನು ಹಾದೇ ಹೋಗಬೇಕು. ಈ ಹೊತ್ತಿನಲ್ಲಿ ಯಾರಾದರೂ ಕೀಲಿ ತಿರುಗಿಸಿದರೆ ಸ್ಟಾರ್ಟರ್ ಒಮ್ಮೆಗೇ ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ, ಮೀಟರಿನ ಫ್ಯೂಸ್ ಸುಟ್ಟುಹೋಗುತ್ತದೆ. ಕೀಲಿ ಜೇಬು ಸೇರಿದ್ದು ಅದಕ್ಕೆ.

ಬಾಗಿಲು ತೆರೆದೇ ಇರಬೇಕಿತ್ತು, ಫ್ಯೂಸಿನ ಪೆಟ್ಟಿಗೆ ಸ್ಟೀರಿಂಗಿನ ಕೆಳಗಿದೆ. ತೆರೆದರೆ ಒಳಗಿನ ದೀಪ ಉರಿಯುತ್ತದೆ, ಲೆಕ್ಕ ಕೆಡುತ್ತದೆ. ಅಜ್ಜ ಸ್ಕ್ರೂಡ್ರೈವರಿನಿಂದ ಬಾಗಿಲಿನ ಕೊಂಡಿಯನ್ನು ಒತ್ತಿ ಕೂರಿಸಿದರು. ಬಾಗಿಲು ಮುಚ್ಚಿತೆಂದು ನಂಬಿ ದೀಪ ಆರಿತು. ಮೀಟರಿನಲ್ಲಿ 2ರ ಮೇಲಿದ್ದ ಅಂಕಿ ಇಳಿಯತೊಡಗಿತು. ನಾನು ಫ್ಯೂಸಿಗೆ ಕೈ ಹಾಕಹೋದರೆ ಗದರಿದರು. ಕಾರಿನೊಳಗಿನ ಕಂಪ್ಯೂಟರುಗಳು ನಿದ್ದೆ ಹೋಗುವವರೆಗೆ ಮುಟ್ಟಬಾರದಂತೆ. ಚಹಾ ಬಂತು, ಮಂಡಕ್ಕಿ ಬಂತು. ಇಪ್ಪತ್ತು ನಿಮಿಷದ ನಂತರ ಅಂಕಿ ಒಂದು ಕಡೆ ನಿಂತಿತು: 0.46 ಆಂಪಿಯರ್.

ಗಡಿಯಾರಕ್ಕೆ, ಕಂಪ್ಯೂಟರಿನ ನೆನಪಿಗೆ ಒಂದಿಷ್ಟು ಬೇಕೇ ಬೇಕು. ಅದು 0.05 ದಾಟಬಾರದು. ನಮ್ಮದು ಅದರ ಒಂಬತ್ತು ಪಟ್ಟು. ನಾನು ಮಂಡಕ್ಕಿ ಕಟ್ಟಿಬಂದ ಕಾಗದದ ಮೇಲೆಯೇ ಗುಣಿಸಿದೆ. 24 ಗಂಟೆಗೆ 11 ಆಂಪಿಯರ್-ಅವರ್. ಬ್ಯಾಟರಿ ಇರುವುದೇ 35ರದ್ದು. ಮೂರು ದಿನ ಕಳೆದು ಸ್ವಲ್ಪ ಹೊತ್ತಿಗೆ ಬರಿದಾಗುವ ಗಡಿಗೆ ಇದು. ವಾರವೆಲ್ಲ ಸ್ಕೂಟರಿನಲ್ಲಿ ಓಡಾಡಿ ಭಾನುವಾರ ಮಾತ್ರ ಕಾರು ಮುಟ್ಟುವ ನನಗೆ ಉಳಿಯುವುದು ಕಟಕಟ ಸದ್ದೇ. ಹೀಗೆ ತಳಮುಟ್ಟ ಬರಿದಾಗಿ ದಿನಗಟ್ಟಲೆ ಹಾಗೇ ಬಿದ್ದಿದ್ದರೆ ಒಳಗಿನ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಶಕ್ತಿ ಬರುವುದಿಲ್ಲ. ಗುಜರಿಗೆ ಹಾಕಿದ ಹಳೆಯ ಬ್ಯಾಟರಿಯ ನೆನಪಾಗಿ ಹೊಟ್ಟೆ ಉರಿಯಿತು.

ಕೀಲಿ ತಿರುಗಿಸಿದಾಗ ಮಾತ್ರ ಜೀವ ಬರುವ ವೈಪರ್, ಫ್ಯಾನುಗಳ ಗೊಡವೆ ಬೇಡ ಎಂದರು ಅಜ್ಜ. ಉಳಿದವನ್ನು ನಾನು ಒಂದೊಂದಾಗಿ ಕೀಳುವುದು, ಅವರು ಬಾನೆಟ್ಟಿನ ಕಡೆಯಿಂದ ಅಂಕಿ ಕೂಗುವುದು. ಹಾರ್ನ್, 0.46. ಬಾಗಿಲಿನ ಲಾಕು, 0.46. ನನ್ನ ಬೆರಳು ದಪ್ಪ, ಪೆಟ್ಟಿಗೆ ಇಕ್ಕಟ್ಟು, ಕುತ್ತಿಗೆ ಪೆಡಲ್‌ಗಳ ನಡುವೆ. ನೀಲಿ ಬಣ್ಣದ 15ರ ಫ್ಯೂಸ್ ಕಿತ್ತೆ. ಅಜ್ಜ ಮಾತಾಡಲಿಲ್ಲ. ಸ್ವಲ್ಪ ತಡೆದು, "ಸೊನ್ನೆ ಸೊನ್ನೆ ಎರಡು" ಎಂದರು.

ಆ ಫ್ಯೂಸಿನ ಮೇಲೆ ಒಳದೀಪ, ಗಡಿಯಾರ, ಸ್ಟೀರಿಯೊ ಮೂರೂ ಇದ್ದವು. ಯಾವುದೆಂದು ಹುಡುಕಬೇಕಾಗಲಿಲ್ಲ. ಫ್ಯೂಸನ್ನು ಮರಳಿ ಕೂರಿಸಿದ್ದೇ ತಡ, ನನ್ನ ತಲೆಯ ಮೇಲೆ ಸ್ಟೀರಿಯೊದ ಪರದೆ ಹೊತ್ತಿಕೊಂಡು ಬಣ್ಣಬಣ್ಣದ ಸ್ವಾಗತ ಹೇಳಿತು. ಕೀಲಿ ಇನ್ನೂ ಅಜ್ಜನ ಜೇಬಿನಲ್ಲಿತ್ತು.

"ಇದನ್ನು ಯಾವಾಗ ಹಾಕಿಸಿದೆ?"

"ಆಯುಧಪೂಜೆಗೆ."

"ಇದನ್ನು ಬೆಳಿಗ್ಗೆಯೇ ಹೇಳಬಾರದಿತ್ತೇ? ಗಿರಣಿಯಲ್ಲಿ ಏನು ಕೆಟ್ಟರೂ ಕೊನೆಗೆ ಕೈ ಹಾಕಿದವನು ಯಾರು ಎಂದು ಮೊದಲು ಕೇಳುತ್ತಿದ್ದೆವು."

ಸ್ಟೀರಿಯೊ ಹೊರಗೆಳೆದಾಗ ಹಿಂದೆ ಹಳದಿ ವೈರು, ಕೆಂಪು ವೈರು ಒಂದಕ್ಕೊಂದು ಹೆಣೆದುಕೊಂಡಿದ್ದವು. ಮೇಲಿನ ಕಪ್ಪು ಟೇಪು ಬಿಸಿಗೆ ಜಾರಿ, ಅಂಟು ಬೆಲ್ಲದ ಪಾಕದಂತೆ ಬೆರಳಿಗೆ ಹತ್ತಿತು. ಹಳದಿಯದು ಸದಾ ಕರೆಂಟು. ಕೆಂಪಿಗೆ ಕೀಲಿ ತಿರುಗಿಸಿದಾಗ ಮಾತ್ರ ಬರಬೇಕು. ಎರಡನ್ನೂ ಕೂಡಿಸಿದ್ದರಿಂದ, ಗುಂಡಿ ಒತ್ತಿದರೆ ಪರದೆ ಕಪ್ಪಾಗುತ್ತಿತ್ತೇ ಹೊರತು ಸ್ಟೀರಿಯೊ ಒಳಗೆ ಎಚ್ಚರವಾಗಿಯೇ ಇರುತ್ತಿತ್ತು.

ಹಾಕಿದ ಹುಡುಗನನ್ನು ಬೈಯಲು ಬಾಯಿ ತೆರೆದವನಿಗೆ ಆ ದಿನ ನೆನಪಾಯಿತು. "ಕೀಲಿ ಇಲ್ಲದೆಯೂ ಹಾಡು ಬರಬೇಕೇ ಸಾರ್?" ಎಂದು ಅವನು ಕೇಳಿದ್ದ. ಬರಲಿ ಎಂದವನು ನಾನೇ. ಆಗ ಅತ್ತೆಯವರನ್ನು ದಿನವೂ ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆ, ಹೊರಗೆ ಕಾರಿನಲ್ಲಿ ಕುಳಿತು ಕಾಯುವ ಕೆಲಸ. ದಿನವೂ ಓಡುತ್ತಿದ್ದುದರಿಂದ ಖರ್ಚಾದದ್ದು ಮತ್ತೆ ಜಮೆಯಾಗುತ್ತಿತ್ತು. ದೀಪಾವಳಿ ಮುಗಿದು ಕಾರು ಮನೆ ಮುಂದೆ ನಿಂತ ಮೇಲೆ ಕಾಟ ಶುರುವಾಯಿತು. ಇದನ್ನು ಅಜ್ಜನಿಗೆ ಹೇಳಲಿಲ್ಲ. ಹೆಂಡತಿಗೂ ಇನ್ನೂ ಹೇಳಿಲ್ಲ.

ವೈರುಗಳನ್ನು ಬೇರ್ಪಡಿಸಿ, ಕೆಂಪನ್ನು ಲೈಟರ್ ಸಾಕೆಟ್ಟಿನ ವೈರಿಗೆ ಸೇರಿಸಿದೆವು. ಈಗ 0.03. ಅಜ್ಜ ಜೇಬಿನಿಂದ ಕೀಲಿ ತೆಗೆದುಕೊಟ್ಟರು.

ರಾತ್ರಿ ಒಂಬತ್ತಕ್ಕೆ ಅಳೆದೆ, 12.5 ಇತ್ತು. ಕ್ಯಾಲೆಂಡರಿನ ಇವತ್ತಿನ ಚೌಕದಲ್ಲಿ ಬರೆದಿಟ್ಟಿದ್ದೇನೆ, ಬೆಳಿಗ್ಗೆ ಮತ್ತೆ ನೋಡಬೇಕು. ಮೀಟರ್ ಹಬ್ಬದವರೆಗೆ ನಿನ್ನಲ್ಲೇ ಇರಲಿ ಎಂದಿದ್ದಾರೆ ಅಜ್ಜ. ಎಳ್ಳು ಬೆಲ್ಲ ಕೊಡಲು ಹೋದಾಗ ತಲುಪಿಸಿದರಾಯಿತು.