ತಂಬೂರಿಯ ಅಡಿಗೊಂದು ಗುಂಯ್ ಸದ್ದು

ಕಳೆದ ಮಳೆಗಾಲದಲ್ಲಿ ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆಯ ಆಂಪ್ಲಿಫೈಯರ್ ಗುಂಯ್ ಅನ್ನತೊಡಗಿತು. ಗದ್ದಲದ ಹಾಡು ಹಾಕಿದರೆ ಗೊತ್ತಾಗುತ್ತಿರಲಿಲ್ಲ. ಆದರೆ ರಾತ್ರಿ ನಾನು ಕೇಳುವುದು ಗಂಗೂಬಾಯಿ ಹಾನಗಲ್ ಅವರನ್ನು. ಆಲಾಪ ಕೆಳಗಿಳಿದು ನಿಂತಾಗ ತಂಬೂರಿ ಮಾತ್ರ ಕೇಳಬೇಕು, ಅಲ್ವಾ? ಅಲ್ಲೇ ಈ ಸದ್ದು ಸೇರಿಕೊಳ್ಳುತ್ತಿತ್ತು, ಯಾರೋ ಪಕ್ಕದಲ್ಲಿ ಕೂತು ತಪ್ಪು ಶ್ರುತಿ ಹಿಡಿದ ಹಾಗೆ. ನಮ್ಮ ಕರೆಂಟಿನದು 50 ಹರ್ಟ್ಸ್, ಅಂದರೆ ಸೆಕೆಂಡಿಗೆ ಐವತ್ತು ಸಲ ಅದರ ಕಂಪನ. ಅದು ಸ್ಪೀಕರಿನೊಳಗೆ ನುಸುಳಿದರೆ ಇಂಥದೇ ಗುಂಯ್.

ಶಿರಸಿಯಿಂದ ಭಾವ ಬಂದರು. "ಪವರ್ ಕೇಬಲ್ ಬದಲ್ಸವು ತಮಾ" ಎಂದು ಬೆಂಗಳೂರಿಂದ ತರಿಸಿದ್ದ ಹೆಬ್ಬೆರಳು ದಪ್ಪದ ಕೇಬಲ್ ತೆಗೆದರು. ಹಾಕಿದ್ದೇ ತಡ, ಗುಂಯ್ ಮಾಯ. ಭಾವನ ಮುಖ ಅರಳಿತು. ನನಗೂ ಖುಷಿಯೇ, ಆದರೆ ಕಾರಣ ತಿಳಿಯದೆ ಸಮಾಧಾನವಾಗಲಿಲ್ಲ.

ಬೆಳಿಗ್ಗೆ ಹಳೇ ಕೇಬಲ್ಲಿನ ಪ್ಲಗ್ ಬಿಚ್ಚಿದೆ. ಅರ್ಥ್ ಪಿನ್ನಿನ ಸ್ಕ್ರೂ ಸುತ್ತ ಹಸಿರು ಕಿಲುಬು. ಅದರ ಬುಡದಲ್ಲಿ ತಂತಿ ಕಪ್ಪಾಗಿ ತುಂಡಾಗಿತ್ತು. ಕಡಲ ಉಪ್ಪುಗಾಳಿ ಹಿತ್ತಾಳೆಯನ್ನು ಬಿಡುತ್ತದೆಯೇ? ಆಂಪ್ಲಿಫೈಯರಿನ ಪೆಟ್ಟಿಗೆ ಮುಟ್ಟಿದರೆ ಕೈ ಜುಮ್ ಅನ್ನುತ್ತಿದ್ದದ್ದು ಯಾಕೆಂದು ಆಗ ತಿಳಿಯಿತು. ಅರ್ಥ್ ಇಲ್ಲದ ಪೆಟ್ಟಿಗೆಯಿಂದ ಜೀವಕ್ಕೇ ಅಪಾಯ. ಸದ್ದು ಆಮೇಲಿನ ಮಾತು.

ಪೇಟೆಯಿಂದ ಹೊಸ ಪ್ಲಗ್ ತಂದೆ. ತಂತಿಯ ಕಪ್ಪು ತುದಿ ಕತ್ತರಿಸಿ, ತಾಮ್ರ ಹೊಳೆಯುವವರೆಗೆ ಕೆರೆದು ಬಿಗಿದೆ. ಹಳೇ ಕೇಬಲ್ಲಿನಲ್ಲೂ ಗುಂಯ್ ಇಲ್ಲ!

"ಆದರೂ ಹೊಸದರಲ್ಲಿ ದನಿ ಬಿಡಿಸಿ ಕೇಳುತ್ತದೆ" ಎಂದರು ಭಾವ. ಸರಿ, ಸಂಜೆ ಅವರನ್ನು ಬೆನ್ನು ತಿರುಗಿಸಿ ಕೂರಿಸಿದೆ. ಮಗಳು ಪ್ರತಿಸಲ ಸ್ವಿಚ್ ಆರಿಸಿ ಕೇಬಲ್ ಬದಲಿಸಿದಳು. ಕೆಲವು ಸಲ ಸುಮ್ನೆ ಕಿತ್ತು ಅದನ್ನೇ ಹಾಕಿದಳು. ಭಾವ ಹೇಳಿದ್ದು ಹತ್ತಕ್ಕೆ ಐದು ಸರಿ. ನನ್ನದು ನಾಲ್ಕು. ಕಂಬದಿಂದ ಇಷ್ಟುದ್ದ ಅದೇ ತಂತಿಯಲ್ಲಿ ಬಂದ ಕರೆಂಟು ಕೊನೆಯ ಒಂದೂವರೆ ಮೀಟರಿನಲ್ಲಿ ಬೇರೆಯಾಗುವುದು ಹೇಗೆ? ಅದನ್ನು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು ಮಾಡಿ, ಏರಿಳಿತ ತೆಗೆಯುವ ಕೆಲಸ ಆಂಪ್ಲಿಫೈಯರಿನ ಒಳಗಿನ ಡಯೋಡು, ಕೆಪಾಸಿಟರುಗಳದು.

ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕೇಬಲ್ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು, "ನಮ್ಮನೆ ಅರ್ಥ್ ಗುಂಡಿಗೆ ನೀರು ಹಾಕ್ದೆ ಎಷ್ಟು ವರ್ಷ ಆತೋ."