ತಾಳಿ, ಗಂಗಾಳ, ಕೌದಿ: ಸಾಲದವರು ಮುಟ್ಟುವಂತಿಲ್ಲ

2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ತಾಳಿಯನ್ನು ಲಕೋಟೆಗೆ ಹಾಕಿ ಮುಖ್ಯಮಂತ್ರಿಗೆ ಅಂಚೆಯಲ್ಲಿ ಕಳಿಸಿದರು. ಮೈಕ್ರೋಫೈನಾನ್ಸ್, ಅಂದರೆ ಬಡ ಮನೆಗಳಿಗೆ ಒತ್ತೆ ಇಲ್ಲದೆ ಕೊಡುವ ಸಣ್ಣ ಸಾಲದ, ವಸೂಲಿಯವರ ಕಾಟಕ್ಕೆ ಬೇಸತ್ತು ಮಾಡಿದ ಪ್ರತಿಭಟನೆ ಅದು. ಫೆಬ್ರುವರಿಯಲ್ಲಿ ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರದ ಸುಗ್ರೀವಾಜ್ಞೆ ಬಂತು, ಆಮೇಲೆ ಅದೇ ಕಾಯ್ದೆಯಾಯಿತು. ಕಾಯ್ದೆಯ ಜೊತೆಗೇ ಎರಡು ಮಾತು ಓಣಿ ಓಣಿ ಸುತ್ತುತ್ತಿವೆ. ‘ಸಂಘದ ಸಾಲ ಎಲ್ಲಾ ಮನ್ನಾ ಆತಂತ’ ಅನ್ನುವುದು ಒಂದು. ‘ಕಟ್ಟಲಿಲ್ಲಂದ್ರ ಪೊಲೀಸರು ಹಿಡಕೊಂಡು ಹೋಗ್ತಾರ’ ಅನ್ನುವುದು ಇನ್ನೊಂದು. ಎರಡೂ ಸುಳ್ಳು.

ಮನ್ನಾ ಆಗಿರುವುದು ನೋಂದಣಿಯೂ ಇಲ್ಲದ, ಪರವಾನಗಿಯೂ ಇಲ್ಲದವರು ಬಡವರಿಗೆ ಕೊಟ್ಟ ಸಾಲ ಮಾತ್ರ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಕಂಪನಿಯ ಸಾಲ, ಬ್ಯಾಂಕಿನ ಸಾಲ ಹಾಗೇ ಇದೆ, ಬಡ್ಡಿಯೂ ಓಡುತ್ತಿದೆ. ಇದನ್ನು ತಿಳಿಯದೆ ನಾಲ್ಕು ತಿಂಗಳು ಕಂತು ನಿಲ್ಲಿಸಿದವರಿಗೆ ಬಾಕಿಯೂ ಬೆಳೆಯುತ್ತದೆ, ಕ್ರೆಡಿಟ್ ವರದಿಯೂ (ಯಾರ ಸಾಲ ಎಷ್ಟಿದೆ, ಹೇಗೆ ಕಟ್ಟಿದ್ದಾರೆ ಎಂಬ ದಾಖಲೆ) ಕೆಡುತ್ತದೆ. ನಿಮಗೆ ಸಾಲ ಕೊಟ್ಟವರು ಯಾರು ಎಂದು ತಿಳಿಯಲು ಸಾಲದ ಕಾರ್ಡ್ ನೋಡಿ. ಅದರ ಮೇಲೆ ಕಂಪನಿಯ ಪೂರ್ತಿ ಹೆಸರಿರಬೇಕು. ಆ ಹೆಸರು ರಿಸರ್ವ್ ಬ್ಯಾಂಕಿನ ಜಾಲತಾಣದ ಪಟ್ಟಿಯಲ್ಲಿದೆಯೇ ಎಂದು ಯಾವ ಸೈಬರ್ ಅಂಗಡಿಯಲ್ಲಾದರೂ ನೋಡಬಹುದು. ಕಾರ್ಡೇ ಕೊಟ್ಟಿಲ್ಲ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗುತ್ತಾರೆ ಅಂದರೆ ಅನುಮಾನ ಪಡಿ.

ಮೈಕ್ರೋಫೈನಾನ್ಸ್ ಸಾಲಕ್ಕೆ ಹೊಲವನ್ನಾಗಲಿ ಬಂಗಾರವನ್ನಾಗಲಿ ಒತ್ತೆ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಒತ್ತೆಗೆ ಬೀಳುವುದು ಹೆಂಗಸಿನ ಮಾನ. ಬಾಂಗ್ಲಾದೇಶದ ಜೋಬ್ರಾ ಎಂಬ ಹಳ್ಳಿಯಲ್ಲಿ 1976ರಲ್ಲಿ ಮುಹಮ್ಮದ್ ಯೂನುಸ್ ಸಣ್ಣ ಸಾಲದ ಪ್ರಯೋಗ ಶುರು ಮಾಡಿದರು, 1983ರಲ್ಲಿ ಅದು ಗ್ರಾಮೀಣ ಬ್ಯಾಂಕ್ ಆಯಿತು, 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ಹೆಂಗಸರ ಗುಂಪು ಕಟ್ಟಿ, ಒಬ್ಬರಿಗೊಬ್ಬರ ಹೊಣೆಯ ಮೇಲೆ ಕೊಡುವ ಅದೇ ಗುಂಪು ಸಾಲದ ಪದ್ಧತಿ ಲಾಭದ ಕಂಪನಿಗಳ ಕೈಗೆ ಬಂದ ಮೇಲೆ ಆಂಧ್ರದಲ್ಲಿ ಸಾಲಗಾರರ ಆತ್ಮಹತ್ಯೆಗಳಾದವು, 2010ರ ಅಕ್ಟೋಬರಿನಲ್ಲಿ ಅಲ್ಲಿನ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ನಮ್ಮಲ್ಲಿಗೆ ಅದು ಬರಲು ಹದಿನಾಲ್ಕು ವರ್ಷ ಹಿಡಿಯಿತು. ಗಂಡಸರಿಗೆ ಬಿಟ್ಟು ಹೆಂಗಸರಿಗೇ ಯಾಕೆ ಕೊಡುತ್ತಾರೆ ಎಂದರೆ, ಅವರು ಊರು ಬಿಟ್ಟು ಹೋಗುವುದಿಲ್ಲ, ಬಾಗಿಲಲ್ಲಿ ನಾಲ್ಕು ಜನ ನಿಂತರೆ ನಾಚುತ್ತಾರೆ. ಸಬಲೀಕರಣದ ಮಾತು ಅದರ ಮೇಲಿನ ಬಣ್ಣ ಅಷ್ಟೇ.

ಮೊದಲು ಬಡ್ಡಿಯ ಲೆಕ್ಕ. ₹50,000 ಸಾಲ, 24 ತಿಂಗಳು, ‘ವರ್ಷಕ್ಕೆ ನೂರಕ್ಕೆ 14 ಅಷ್ಟೇರಿ’ ಎಂದು ಹೇಳಿದರು ಅಂದುಕೊಳ್ಳಿ. ಎರಡು ವರ್ಷಕ್ಕೆ ಬಡ್ಡಿ ₹14,000, ತಿಂಗಳ ಕಂತು ₹2,667. ಆದರೆ ಅಸಲು ತಿಂಗಳು ತಿಂಗಳು ಇಳಿಯುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ ₹50,000ಕ್ಕೇ ಹಾಕಿದ್ದಾರೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಇದು ಶೇ 25ರ ಬಡ್ಡಿ. ಇನ್ನು ಕೈಗೆ ಬರುವಾಗ ಪ್ರೊಸೆಸಿಂಗ್ ಶುಲ್ಕ ಶೇ 1, ಅದರ ಮೇಲೆ ಜಿಎಸ್‌ಟಿ ಸೇರಿ ₹590, ವಿಮೆ ಎಂದು ₹1,000 ಹಿಡಿದರು ಎನ್ನಿ. ಕೈಗೆ ಬಂದದ್ದು ₹48,410, ಕಂತು ಮಾತ್ರ ಅದೇ ₹2,667. ಈಗ ದರ ಶೇ 28 ದಾಟಿತು. ಎಲ್ಲ ಖರ್ಚೂ ಸೇರಿದ ಈ ವಾರ್ಷಿಕ ದರವನ್ನು ಸಾಲ ಕೊಡುವ ಮೊದಲೇ ಒಂದು ಹಾಳೆಯಲ್ಲಿ, ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಬರೆದುಕೊಡಬೇಕು ಎಂಬುದು ರಿಸರ್ವ್ ಬ್ಯಾಂಕಿನ 2022ರ ನಿಯಮ. ಆ ಹಾಳೆ ಕೇಳಿ ಪಡೆಯಿರಿ. ತಡವಾದದ್ದಕ್ಕೆ ದಂಡವನ್ನು ತಪ್ಪಿದ ಕಂತಿನ ಮೇಲಷ್ಟೇ ಹಾಕಬಹುದು, ಇಡೀ ಸಾಲದ ಮೇಲಲ್ಲ. ಅವಧಿಗೆ ಮೊದಲೇ ತೀರಿಸಿದರೆ ದಂಡ ಇಲ್ಲವೇ ಇಲ್ಲ.

ಅದೇ ನಿಯಮದಲ್ಲಿ ಇನ್ನೊಂದು ಅಂಶವಿದೆ, ಜನ ಸೋಲುವುದು ಅಲ್ಲಿಯೇ. ವರ್ಷಕ್ಕೆ ₹3 ಲಕ್ಷದವರೆಗೆ ಆದಾಯ ಇರುವ ಮನೆಗೆ ಒತ್ತೆ ಇಲ್ಲದೆ ಕೊಟ್ಟದ್ದು ಮೈಕ್ರೋಫೈನಾನ್ಸ್ ಸಾಲ. ಆ ಮನೆಯ ಎಲ್ಲಾ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಯ ಮನೆಯೊಂದನ್ನು ತೆಗೆದುಕೊಳ್ಳಿ. ಗಂಡ ಹೆಂಡತಿ ಸೇರಿ ವರ್ಷದ ಸರಾಸರಿಯಲ್ಲಿ ತಿಂಗಳಿಗೆ ₹14,000 ಬರುತ್ತದೆ ಎನ್ನಿ. ಕಂತಿನ ಮಿತಿ ₹7,000. ಮೇಲಿನಂಥ ಸಾಲ ಎರಡು ಇದ್ದರೆ ₹5,334, ಮಿತಿಯೊಳಗೆ. ಮೂರನೆಯದು ಬಂತೆಂದರೆ ₹8,001, ಮಿತಿ ಮೀರಿತು, ಅದನ್ನು ಕೊಡುವುದೇ ತಪ್ಪು. ಹಾಗಿದ್ದರೂ ಹೇಗೆ ಕೊಡುತ್ತಾರೆ? ಫಾರ್ಮಿನಲ್ಲಿ ಆದಾಯ ₹24,000 ಎಂದು ಬರೆಯುತ್ತಾರೆ. ಸಹಿ ನಿಮ್ಮದು. ಸುಗ್ಗಿ ಮುಗಿದು ಮಾರುಕಟ್ಟೆ ತಣ್ಣಗಾದ ಮೇಲೆ ಕೂಲಿ ನಿಲ್ಲುತ್ತದೆ, ಕಂತು ನಿಲ್ಲುವುದಿಲ್ಲ. ಆಗ ನಾಲ್ಕನೆಯ ಸಾಲ ತಂದು ಮೊದಲನೆಯದಕ್ಕೆ ಕಟ್ಟುವುದು ಶುರು. ಗೃಹಲಕ್ಷ್ಮಿಯ ₹2,000 ಒಂದು ಕಂತಿಗೂ ಸಾಲುವುದಿಲ್ಲ. ಸಹಿ ಮಾಡುವ ಮೊದಲು ಆದಾಯದ ಅಂಕಣ ಓದಿಸಿ ಕೇಳಿ. ವರ್ಷಕ್ಕೊಮ್ಮೆ ಪ್ರತಿ ಕ್ರೆಡಿಟ್ ಸಂಸ್ಥೆಯಿಂದ ಪುಕ್ಕಟೆ ವರದಿ ಸಿಗುತ್ತದೆ, ತೆಗೆಸಿ ನೋಡಿ. ನಿಮ್ಮ ಆಧಾರ್ ಮೇಲೆ ಬೇರೆಯವರು ಎತ್ತಿದ ಸಾಲ ಗೊತ್ತಾಗುವುದು ಅಲ್ಲಿಯೇ.

ವಸೂಲಿಗೆ ಬರುವವರಿಗೂ ಕಟ್ಟಳೆ ಇದೆ. ಕಂತು ಕಟ್ಟುವ ಜಾಗ ಇಬ್ಬರೂ ಒಪ್ಪಿದ್ದಾಗಿರಬೇಕು. ಸತತ ಎರಡು ಸಲವಾದರೂ ಅಲ್ಲಿಗೆ ಬರದಿದ್ದರೆ ಮಾತ್ರ ಮನೆಗೋ ಕೆಲಸದ ಜಾಗಕ್ಕೋ ಬರಬಹುದು. ಬೆಳಿಗ್ಗೆ 9ಕ್ಕಿಂತ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಬೈಯುವಂತಿಲ್ಲ, ನೆಂಟರಿಗೆ, ಜೊತೆ ಕೆಲಸ ಮಾಡುವವರಿಗೆ ಕಾಟ ಕೊಡುವಂತಿಲ್ಲ, ಸಾಲಗಾರರ ಹೆಸರು ಜಾಹೀರು ಮಾಡುವಂತಿಲ್ಲ. ಗೋಡೆಗೆ ಬಣ್ಣದಲ್ಲಿ ಬರೆಯುವುದೂ, ವಾಟ್ಸಾಪ್ ಗುಂಪಿಗೆ ಫೋಟೊ ಹಾಕುವುದೂ ಇದರೊಳಗೇ ಬರುತ್ತದೆ. ರೇಷನ್ ಕಾರ್ಡ್‌ನಂಥ, ಸರ್ಕಾರಿ ಸೌಲಭ್ಯದ ಕಾಗದ ಕಸಿದುಕೊಂಡರೆ ರಾಜ್ಯದ ಹೊಸ ಕಾಯ್ದೆಯಡಿ ಅದೂ ಬಲವಂತದ ಕ್ರಮ. ಶಿಕ್ಷೆ 10 ವರ್ಷದವರೆಗೆ ಜೈಲು, ₹5 ಲಕ್ಷದವರೆಗೆ ದಂಡ. (ಮನೆ ಪತ್ರ ಅಡವಿಟ್ಟು ತಂದ ಸಾಲ ಬೇರೆ, ಅದರ ಕಾನೂನೂ ಬೇರೆ. ಎರಡನ್ನೂ ಕಲಸಬೇಡಿ.)

ಇವೆಲ್ಲಕ್ಕಿಂತ ಕೆಟ್ಟದ್ದು ನಡೆಯುವುದು ಗುಂಪಿನವರು ಕಂತು ಕಟ್ಟಲು ಸೇರುವ ಮೀಟಿಂಗಿನಲ್ಲಿ. ಒಬ್ಬಳ ಕಂತು ಬರಲಿಲ್ಲ. ‘ಆಕಿ ತರೂತನಕ ಯಾರೂ ಏಳಂಗಿಲ್ಲ’ ಎಂದು ಹತ್ತು ಹೆಂಗಸರನ್ನು ಕೂಡಿಸುತ್ತಾರೆ. ಕೂಸು ಅಳುತ್ತದೆ, ಒಲೆ ಹಚ್ಚುವ ಹೊತ್ತು ಮೀರುತ್ತದೆ. ಕೊನೆಗೆ ಗುಂಪಿನವರೇ ಎದ್ದು ಆಕೆಯ ಮನೆಗೆ ಹೋಗಿ ಬೈಯುತ್ತಾರೆ, ಸಾಲದವನು ಬೈಕಿನ ಮೇಲೆ ಕೈಕಟ್ಟಿ ಕೂತಿರುತ್ತಾನೆ. ಜಾಣತನ ಇರುವುದು ಅಲ್ಲಿ, ಬೈದವರು ಓಣಿಯವರು, ಅವನು ಬಾಯೇ ತೆರೆದಿಲ್ಲ. ಆದರೆ ಏಳಗೊಡದೆ ಕೂಡಿಸುವುದು ಭಾರತೀಯ ನ್ಯಾಯ ಸಂಹಿತೆಯ 127ನೇ ಕಲಮಿನ ಪ್ರಕಾರ ಅಕ್ರಮ ಬಂಧನ. ದೂರು ಬರೆಯುವಾಗ ಗುಂಪಿನ ಹೆಂಗಸರ ಮೇಲೆ ಬರೆಯಬೇಡಿ. ಯಾರು ಕೂಡಿಸಿದರು, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಯಾರು ಹೋಗಿ ತರಲು ಹೇಳಿದರು, ಅದನ್ನು ಬರೆಯಿರಿ. ಗುಂಪಿನವರನ್ನು ಸಾಕ್ಷಿ ಮಾಡಿ.

ದೂರು ಬಿದ್ದುಹೋಗುವುದು ಬಹುತೇಕ ಬರವಣಿಗೆಯಲ್ಲಿ. ‘ಬಹಳ ತ್ರಾಸು ಕೊಡ್ತಾರ’ ಎಂದು ಬರೆದರೆ ಠಾಣೆಯಲ್ಲಿ ಅದು ‘ಹಣಕಾಸಿನ ವ್ಯವಹಾರ, ಸಿವಿಲ್’ ಆಗುತ್ತದೆ. ತಾರೀಖು, ಸಮಯ, ಬಂದವನ ಐಡಿ ಕಾರ್ಡಿನ ಹೆಸರು, ಸಾಲದ ಖಾತೆ ಸಂಖ್ಯೆ, ಅವನು ಆಡಿದ ಮಾತು ಇದ್ದ ಹಾಗೇ ಇರಲಿ, ಹೊಲಸು ಮಾತಾದರೂ ಸರಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಠಾಣೆಯ ಸೀಲು ಹಾಕಿಸಿಕೊಳ್ಳಿ. ತೆಗೆದುಕೊಳ್ಳಲಿಲ್ಲ ಅಥವಾ ಬರೀ ಹಿಂಬರಹ ಕೊಟ್ಟು ಕಳಿಸಿದರು ಅಂದರೆ ಅದೇ ದೂರನ್ನು ಗದಗ, ಹಾವೇರಿಯವರು ಜಿಲ್ಲಾ ಎಸ್‌ಪಿಗೆ, ಹುಬ್ಬಳ್ಳಿ-ಧಾರವಾಡ ನಗರದವರು ಪೊಲೀಸ್ ಕಮಿಷನರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಪೊಲೀಸರು, ಕೋರ್ಟುಗಳು ಕ್ರಿಮಿನಲ್ ಪ್ರಕರಣ ನಡೆಸುವ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(4)ರಲ್ಲಿ ಈ ದಾರಿ ಇದೆ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರು. ಆ ಅಂಚೆ ರಸೀದಿ ಇಲ್ಲದೆ ಮ್ಯಾಜಿಸ್ಟ್ರೇಟರ ಮುಂದೆ ಹೋದರೆ ಅರ್ಜಿ ಕುಂಟುತ್ತದೆ. ಇನ್ನು ರಿಸರ್ವ್ ಬ್ಯಾಂಕಿಗೆ ದೂರು ಬೇರೆ. ಮೊದಲು ಕಂಪನಿಗೇ ಲಿಖಿತ ದೂರು ಕೊಟ್ಟು 30 ದಿನ ಕಾಯಬೇಕು, ಆಮೇಲೆ ಒಂಬುಡ್ಸ್‌ಮನ್, ಅಂದರೆ ರಿಸರ್ವ್ ಬ್ಯಾಂಕಿನ ದೂರು ವಿಚಾರಿಸುವ ಅಧಿಕಾರಿ. ನೇರ ಕಳಿಸಿದ ದೂರು ವಾಪಸು ಬರುತ್ತದೆ. ಮಾಹಿತಿಗೆ 14448. ವಕೀಲರ ಫೀ ಎಂದು ಹೆದರಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲ, ಜಿಲ್ಲಾ ನ್ಯಾಯಾಲಯದ ಆವರಣದ ಪ್ರಾಧಿಕಾರದಲ್ಲಿ ಪುಕ್ಕಟೆ ವಕೀಲರು ಸಿಗುತ್ತಾರೆ, ಫೋನ್ 15100.

ಕಾಟ ಬಾಗಿಲ ಹೊರಗಷ್ಟೇ ಇರುವುದಿಲ್ಲ. ಸಹಿ ಹೆಂಡತಿಯದು, ರೊಕ್ಕ ಗಂಡನ ಕಿಸೆಗೆ. ಕೊಡದಿದ್ದರೆ ಹೊಡೆತ, ಕಂತಿನ ದಿನ ಅವನು ಊರಲ್ಲೇ ಇರುವುದಿಲ್ಲ. ಸಾಲದ ಲೆಕ್ಕದಲ್ಲಿ ಸಹಿ ಮಾಡಿದವಳೇ ಸಾಲಗಾರ್ತಿ, ಅದನ್ನು ಯಾರೂ ತಪ್ಪಿಸಲಾರರು. ಆದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಹೊಡೆತದ ಜೊತೆ ಆರ್ಥಿಕ ದೌರ್ಜನ್ಯವೂ ಇದೆ, ಆಕೆಯ ಸ್ತ್ರೀಧನ ಮಾರುವುದು, ಪರಭಾರೆ ಮಾಡುವುದು ಅದರಲ್ಲಿ ಸೇರಿದೆ. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ, ಅವರು ಘಟನಾ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ವರದಿಯಲ್ಲಿ ‘ಹೊಡೆದ’ ಎಂದಷ್ಟೇ ಬರೆಸಿ ಬರುವವರೇ ಹೆಚ್ಚು. ಬಂಗಾರ ಎಷ್ಟು ತೊಲ, ಯಾವ ಗಿರವಿ ಅಂಗಡಿ, ರಸೀದಿ ಯಾರ ಹೆಸರಲ್ಲಿ ಎಂಬುದನ್ನೂ ಬರೆಸಿ. ಸ್ತ್ರೀಧನ ಮರಳಿಸಲು ಆದೇಶ ಮಾಡುವ ಅಧಿಕಾರ 19(8)ರಲ್ಲಿದೆ, ಕೇಳದಿದ್ದರೆ ಸಿಗುವುದಿಲ್ಲ. ಅರ್ಜಿಯ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ಇರಬೇಕು ಎನ್ನುತ್ತದೆ ಕಾಯ್ದೆ. ಹೊಡೆತ ಬೀಳುತ್ತಿರುವ ಹೊತ್ತಿಗೆ 112, ಉಳಿದ ನೆರವಿಗೆ 181.

ಇನ್ನು ಜೈಲಿನ ಮಾತು. ಸಾಲ ತೀರಿಸುವ ಶಕ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಸೆರೆಗೆ ಹಾಕಬಾರದು ಎಂದು ಅಂತರರಾಷ್ಟ್ರೀಯ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ 11ನೇ ವಿಧಿ ಹೇಳುತ್ತದೆ. ಭಾರತ 1979ರಲ್ಲಿ ಅದಕ್ಕೆ ಸೇರಿತು. ಮರುವರ್ಷ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅದನ್ನೇ ಎತ್ತಿ ಹಿಡಿದರು. ಹೆಂಗಸರಿಗಂತೂ ಅದಕ್ಕಿಂತ ಹಳೆಯ ರಕ್ಷಣೆ ಇದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೇ ಕಲಮು: ಹಣದ ಡಿಕ್ರಿ (ಹಣ ಕಟ್ಟಬೇಕೆಂಬ ನ್ಯಾಯಾಲಯದ ತೀರ್ಪು) ಜಾರಿಗಾಗಿ ಹೆಂಗಸನ್ನು ಬಂಧಿಸಲು ನ್ಯಾಯಾಲಯ ಆದೇಶಿಸುವಂತಿಲ್ಲ. ಲೋಕ ಅದಾಲತ್ತಿನ ನೋಟಿಸು ರಾಜಿಗೆ ಕರೆ, ವಾರಂಟ್ ಅಲ್ಲ. ಖಾಲಿ ಚೆಕ್ಕಿಗೆ ಸಹಿ ಮಾಡಿ ಕೊಟ್ಟಿದ್ದರೆ ಮಾತ್ರ ಕಥೆ ಬೇರೆ, ಚೆಕ್ ಬೌನ್ಸ್ ಕ್ರಿಮಿನಲ್ ಪ್ರಕರಣ, ನೋಟಿಸು ಕೈಸೇರಿದ 15 ದಿನದೊಳಗೆ ವಕೀಲರನ್ನು ಕಾಣಿ.

ಅದೇ ಸಂಹಿತೆಯ 60ನೇ ಕಲಮಿನಲ್ಲಿ, ನ್ಯಾಯಾಲಯವೇ ಡಿಕ್ರಿ ಕೊಟ್ಟರೂ ಜಪ್ತಿ ಮಾಡಬಾರದ ವಸ್ತುಗಳ ಪಟ್ಟಿ ಇದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ, ಧರ್ಮದ ಪದ್ಧತಿಯಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆ. ನ್ಯಾಯಾಧೀಶರೇ ಮುಟ್ಟದ್ದನ್ನು ಬೈಕಿನ ಮೇಲೆ ಬಂದವನು ಕೇಳಿದರೆ, ಅವನ ಐಡಿ ಕಾರ್ಡಿನ ಫೋಟೊ ತೆಗೆದಿಟ್ಟುಕೊಳ್ಳಿ.